ಎರಡು ಕೈ ಬೇಕಾಗುತ್ತಿದ್ದ ಬಾಗಿಲು: ಒಂದು ಹಳೆ ಬೀಟಲ್‌ನ ಹಿಂಜ್ ಪ್ರಕರಣ

ಹಳೆ ಕಾರಿನ ಬಾಗಿಲು ಬಿಗಿಯಾದರೆ ಅದನ್ನು ಯಾರೂ ರಿಪೇರಿಯ ಲೆಕ್ಕಕ್ಕೆ ಹಿಡಿಯುವುದಿಲ್ಲ. ಎಂಜಿನ್ ಆಯ್ತಾ, ಬ್ರೇಕ್ ಆಯ್ತಾ, ವೈರಿಂಗ್ ಆಯ್ತಾ ಅಂತ ಕೇಳುತ್ತಾರೆ. ಬಾಗಿಲಿನ ವಿಷಯ ಬಂದರೆ "ಹಳೇ ಗಾಡಿ ಅಲ್ವಾ, ಸ್ವಲ್ಪ ಜೋರಾಗಿ ಎಳೀಬೇಕು ಅಷ್ಟೇ" ಅಂದುಬಿಡುತ್ತಾರೆ. ಈ ಜೋರಾಗಿ ಎಳೆಯುವುದೇ ಅಪಾಯ. ಬಿಗಿಯಾದ ಹಿಂಜ್, ಅಂದರೆ ಬಾಗಿಲು ತಿರುಗುವ ಕೀಲು, ತಾನೊಂದೇ ಹಾಳಾಗುವುದಿಲ್ಲ. ತಾನು ಕೂತಿರುವ ಪಿಲ್ಲರ್‌ನ, ಅಂದರೆ ಬಾಗಿಲ ಪಕ್ಕದ ಬಾಡಿ ಕಂಬದ, ತಗಡನ್ನೂ ನಿಧಾನವಾಗಿ ಹರಿಯುತ್ತದೆ. ಹಿಂಜ್ ಸಿಗುತ್ತದೆ, ಪಿನ್ ಸಿಗುತ್ತದೆ. ಹರಿದ ಪಿಲ್ಲರ್ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ.

ಸಕಲೇಶಪುರದ ಹತ್ತಿರದ ಒಂದು ಕಾಫಿ ತೋಟದಿಂದ ಬಂದ ಫೋಕ್ಸ್‌ವ್ಯಾಗನ್ ಬೀಟಲ್ ಒಂದರಲ್ಲಿ ನಾನು ಮಾಡಿದ ಕೆಲಸವನ್ನು ಇಲ್ಲಿ ಪೂರ್ತಿ ಬರೆಯುತ್ತಿದ್ದೇನೆ. ಕಾರು ಬೀಟಲ್ ಆದರೂ ಕ್ರಮ ಹೆಚ್ಚುಕಡಿಮೆ ಎಲ್ಲದಕ್ಕೂ ಒಂದೇ. ಅಂಬಾಸಡರ್, ಪದ್ಮಿನಿ ಇಟ್ಟುಕೊಂಡವರಿಗೂ ಉಪಯೋಗಕ್ಕೆ ಬರುತ್ತದೆ.

ಕಾರು ಮತ್ತು ದೂರು

1968ರ ಮಾಡೆಲ್. ಬಲಗಡೆ ಸ್ಟೀರಿಂಗ್. ಬೀಟಲ್ ನಮ್ಮ ದೇಶದಲ್ಲಿ ಯಾವತ್ತೂ ತಯಾರಾಗಲಿಲ್ಲ, ಇಲ್ಲಿರುವುದೆಲ್ಲ ಹೊರಗಿನಿಂದ ಬಂದದ್ದು. ಪ್ರಪಂಚದಲ್ಲಿ ಮಾತ್ರ ಲೆಕ್ಕವಿಲ್ಲದಷ್ಟು ಇವೆ. 2003ರ ಜುಲೈ 30ರಂದು ಮೆಕ್ಸಿಕೋದ ಪ್ವೆಬ್ಲಾದಲ್ಲಿ ಕೊನೆಯ ಗಾಡಿ ಹೊರಬಿದ್ದಾಗ ಒಟ್ಟು ಸಂಖ್ಯೆ 2 ಕೋಟಿ 15 ಲಕ್ಷ ದಾಟಿತ್ತು. ಹಾಗಾಗಿ ಸಾಮಾನು ಇವತ್ತಿಗೂ ತಯಾರಾಗುತ್ತದೆ. ಆದರೆ ಇಲ್ಲಿಗೆ ತರಿಸುವಾಗ ಕಸ್ಟಮ್ಸ್ ಸೇರಿ ಸಣ್ಣ ಸಾಮಾನಿಗೂ ದೊಡ್ಡ ದುಡ್ಡಾಗುತ್ತದೆ. ಇರುವುದನ್ನೇ ಉಳಿಸಿಕೊಳ್ಳುವುದು ಜಾಣತನ.

ಯಜಮಾನರ ತಂದೆಯ ಕಾಲದ ಕಾರು. ತುಂಬಾ ವರ್ಷ ತೋಟದ ಶೆಡ್ಡಿನಲ್ಲೇ ನಿಂತಿತ್ತು. ಮೇಲೆ ಶೀಟು ಇತ್ತು, ಪಕ್ಕಕ್ಕೆ ಗೋಡೆ ಇರಲಿಲ್ಲ. ಮಲೆನಾಡಿನ ಮಳೆ ನೇರ ಬೀಳುವುದಿಲ್ಲ, ಅಡ್ಡ ಬೀಸುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿಯಲ್ಲೇ ನೀರಿರುತ್ತದೆ. ಅಂಥ ಜಾಗದಲ್ಲಿ ನಿಂತ ಗಾಡಿಯನ್ನು ಕೆಲವು ವರ್ಷದ ಹಿಂದೆ ಹೊರಗೆ ತೆಗೆದು ಟಿಂಕರಿಂಗ್, ಪೇಂಟ್ ಎಲ್ಲ ಮಾಡಿಸಿದ್ದರು. ಎಂಜಿನ್ ಚೆನ್ನಾಗಿ ಓಡುತ್ತಿತ್ತು. ಬಣ್ಣ ಫಳಫಳ ಅನ್ನುತ್ತಿತ್ತು. ಬಾಗಿಲು ಮಾತ್ರ ಬಗ್ಗುತ್ತಿರಲಿಲ್ಲ.

ದೂರು ಹೇಳಿದ್ದು ಯಜಮಾನರಲ್ಲ, ಅವರ ಅಮ್ಮ. ಎಪ್ಪತ್ತು ದಾಟಿದವರು. ಈ ಕಾರಿನಲ್ಲೇ ಮದುವೆಯಾಗಿ ತೋಟಕ್ಕೆ ಬಂದವರಂತೆ. "ನೋಡಪ್ಪಾ, ಬಾಗಿಲು ತೆಗೆಯೋಕೆ ನಂಗೆ ಎರಡು ಕೈ ಬೇಕು. ತೆಗೆದ ಮೇಲೆ ಹಿಡ್ಕೊಂಡು ಇಳಿಯೋಕೆ ಇನ್ನೊಂದು ಕೈ ಎಲ್ಲಿಂದ ತರಲಿ?" ಅಂದರು. ಮಗ ಕೀ ಕೊಡುತ್ತಾ "ಸ್ವಲ್ಪ ಎಣ್ಣೆ ಬಿಟ್ಟುಕೊಡಿ ಸಾಕು" ಅಂದರು. ಎಣ್ಣೆ ಬಿಡದೆ ಯಾರೂ ಸುಮ್ಮನಿರಲಿಲ್ಲ ಅನ್ನುವುದು ಹಿಂಜ್ ನೋಡಿದರೇ ಗೊತ್ತಾಗುತ್ತಿತ್ತು. ಹೊರಗೆಲ್ಲ ಕಪ್ಪು ಗ್ರೀಸ್ ಮೆತ್ತಿತ್ತು. ಅದರ ಮೇಲೆ ಧೂಳು ಕೂತು ಗಟ್ಟಿಯಾಗಿತ್ತು.

ಹಿಡಿದಿರುವುದು ಎಲ್ಲಿ?

ಬಾಗಿಲು ಬಿಗಿ ಅಂದ ಕೂಡಲೇ ಹಿಂಜ್ ಅಂತ ತೀರ್ಮಾನ ಮಾಡಬಾರದು. ಬೀಟಲ್‌ನಲ್ಲಂತೂ ಅನುಮಾನ ಪಡಬೇಕಾದ ಜಾಗ ಇನ್ನೂ ಮೂರಿವೆ.

ಒಂದು, ಗಾಳಿ. ಬೀಟಲ್‌ನ ಒಳಗೆ ಗಾಳಿ ಆಡದಷ್ಟು ಮುಚ್ಚಿಗೆ. ಗಾಜು ಪೂರ್ತಿ ಏರಿಸಿದ್ದರೆ ಬಾಗಿಲು ಹಾಕುವಾಗ ಒಳಗಿನ ಗಾಳಿಯೇ ವಾಪಸ್ ತಳ್ಳುತ್ತದೆ. ಗಾಜು ಒಂದಿಷ್ಟು ಇಳಿಸಿ ಬಾಗಿಲು ಹಾಕುವುದು ಬೀಟಲ್ ಇಟ್ಟುಕೊಂಡವರಿಗೆಲ್ಲ ಅಭ್ಯಾಸ. ಹೊಸ ಬೀಡಿಂಗ್ ರಬ್ಬರ್ ಹಾಕಿಸಿದ್ದರೆ ಈ ತೊಂದರೆ ಇನ್ನೂ ಜಾಸ್ತಿ. ಆದರೆ ಇದು ಹಾಕುವಾಗ, ಅದೂ ಕೊನೆಯ ಒಂದು ಗೇಣಿನಲ್ಲಿ ಕಾಣುವ ತೊಂದರೆ. ನಮ್ಮ ಕಾರಿನಲ್ಲಿ ಗಾಜು ಪೂರ್ತಿ ಇಳಿಸಿದರೂ ತೆಗೆಯುವುದೂ ಕಷ್ಟ, ಹಾಕುವುದೂ ಕಷ್ಟ. ಹಾಗಾಗಿ ಗಾಳಿಯನ್ನು ಅನುಮಾನದ ಪಟ್ಟಿಯಿಂದ ಹೊಡೆದು ಹಾಕಿದೆ.

ಎರಡು, ಚೆಕ್ ಸ್ಟ್ರಾಪ್. ಮೇಲಿನ ಹಿಂಜ್‌ಗೂ ಕೆಳಗಿನ ಹಿಂಜ್‌ಗೂ ನಡುವೆ ಇರುವ ಪಟ್ಟಿ ಇದು. ಬಾಗಿಲು ಎಷ್ಟು ತೆಗೆಯಬೇಕೋ ಅಷ್ಟಕ್ಕೆ ನಿಲ್ಲಿಸುತ್ತದೆ. ಪಿಲ್ಲರ್ ಕಡೆ ಒಂದು ಸಣ್ಣ ಪಿನ್‌ನಿಂದ ಕೂತಿರುತ್ತದೆ. ಆ ಪಿನ್ ತೆಗೆದು ಪಟ್ಟಿ ಬಿಡಿಸಿ ಬಾಗಿಲು ಆಡಿಸಿ ನೋಡಿದರೆ ಬಿಗಿ ಇದರದ್ದಾ ಅಲ್ಲವಾ ಅಂತ ತಕ್ಷಣ ಗೊತ್ತಾಗುತ್ತದೆ. ಹಾಗೆ ಬಿಡಿಸುವ ಮೊದಲು ಬಾಗಿಲಿಗೊಂದು ಹಗ್ಗ ಕಟ್ಟಲೇಬೇಕು. ಪಟ್ಟಿ ಇಲ್ಲದ ಬಾಗಿಲು ಜಾಸ್ತಿ ತೆಗೆದುಕೊಂಡು ಮುಂದಿನ ತಗಡಿಗೆ ಹೊಡೆಯುತ್ತದೆ. ಹಿಂಜ್ ಸಡಿಲ ಮಾಡುವ ಕೆಲಸದಲ್ಲಿ ಇದು ಇನ್ನೂ ಮುಖ್ಯ, ಯಾಕೆಂದರೆ ಬೆಳಿಗ್ಗೆ ಬಿಗಿಯಾಗಿದ್ದ ಬಾಗಿಲು ಸಂಜೆ ಬಿಗಿಯಾಗಿರುವುದಿಲ್ಲ. ನಮ್ಮ ಕಾರಿನಲ್ಲಿ ಪಟ್ಟಿ ಬಿಡಿಸಿದ ಮೇಲೂ ಬಿಗಿ ಕಡಿಮೆಯಾಗಲಿಲ್ಲ.

ಮೂರು, ಬಾಡಿಯೇ ಕುಗ್ಗಿರುವುದು. ಇದನ್ನು ಯಾರೂ ಬಿಡಬಾರದು. ಬೀಟಲ್‌ನ ಎರಡು ಪಕ್ಕದಲ್ಲಿ, ಬಾಗಿಲ ಕೆಳಗೆ, ಹೀಟರ್ ಚಾನೆಲ್ ಅಂತ ಟೊಳ್ಳು ತೊಲೆ ಇರುತ್ತದೆ. ಹಿಂದಿನ ಎಂಜಿನ್‌ನಿಂದ ಬಿಸಿ ಗಾಳಿ ಮುಂದಕ್ಕೆ ಬರುವ ದಾರಿ ಅದು. ಬಾಗಿಲ ಪಿಲ್ಲರ್ ನಿಂತಿರುವುದೂ ಅದರ ಮೇಲೇ. ನಮ್ಮ ಕಡೆ ಹೀಟರ್ ಯಾರಿಗೂ ಬೇಡ, ಆದರೆ ಆ ಚಾನೆಲ್ ಒಳಗೆ ನೀರು ನಿಂತು ತುಕ್ಕು ಹಿಡಿಯುವುದು ತಪ್ಪುವುದಿಲ್ಲ. ಚಾನೆಲ್ ತಿಂದುಹೋದರೆ ಪಿಲ್ಲರ್ ಕುಗ್ಗುತ್ತದೆ, ಬಾಗಿಲ ಸುತ್ತಲಿನ ಸಂದು ಒಂದು ಕಡೆ ಕಿರಿದು, ಇನ್ನೊಂದು ಕಡೆ ಅಗಲ ಆಗುತ್ತದೆ. ಆಗ ಹಿಂಜ್‌ಗೆ ಎಷ್ಟು ಎಣ್ಣೆ ಹಾಕಿದರೂ ಪ್ರಯೋಜನವಿಲ್ಲ. ಇಲ್ಲಿ ಸಂದು ಸುತ್ತಲೂ ಒಂದೇ ಸಮ ಇತ್ತು. ಚಾನೆಲ್‌ಗೆ ಕೆಳಗಿನಿಂದ ಸ್ಕ್ರೂಡ್ರೈವರ್ ಹಿಡಿಯಲ್ಲಿ ತಟ್ಟಿದರೆ ಗಟ್ಟಿ ಶಬ್ದ ಬಂತು. ಟಿಂಕರಿಂಗ್ ಮಾಡಿದವರು ಆ ಕೆಲಸ ಚೆನ್ನಾಗಿಯೇ ಮಾಡಿದ್ದರು.

ಉಳಿದದ್ದು ಹಿಂಜ್. ನಾಲ್ಕರಲ್ಲಿ ಯಾವುದು, ಎಷ್ಟು?

ಲಗೇಜ್ ತೂಗುವ ಸಣ್ಣ ಡಿಜಿಟಲ್ ತಕ್ಕಡಿ ಇರುತ್ತಲ್ಲ, ಅದರ ಕೊಕ್ಕೆಯನ್ನು ಬಾಗಿಲ ಹ್ಯಾಂಡಲ್‌ಗೆ ಸಿಕ್ಕಿಸಿ ನೇರವಾಗಿ ಎಳೆದು ನೋಡಿದೆ. ಎಡ ಬಾಗಿಲು ಅಲುಗಲು ಸುಮಾರು 4 ಕೆ.ಜಿ. ಎಳೆತ ಬೇಕಾಯಿತು. ಬಲ ಬಾಗಿಲಿಗೆ ಸುಮಾರು 9 ಕೆ.ಜಿ. ಒಂಬತ್ತು ಕೆ.ಜಿ. ದೊಡ್ಡದೇನಲ್ಲ ಅನ್ನಿಸಬಹುದು. ಲೆಕ್ಕ ಹಾಕಿ ನೋಡಿ. ಬೀಟಲ್‌ಗೆ ಬಾಗಿಲು ಎರಡೇ, ಹಿಂದಿನ ಸೀಟಿಗೂ ಅದರಲ್ಲೇ ಹೋಗಬೇಕು. ಹಾಗಾಗಿ ಬಾಗಿಲು ಉದ್ದ. ಹ್ಯಾಂಡಲ್‌ನಿಂದ ಹಿಂಜ್‌ಗೆ ಹತ್ತಿರ ಹತ್ತಿರ 90 ಸೆಂ.ಮೀ. ಇದೆ. ಹಿಂಜ್ ಕೂತಿರುವ ಸ್ಕ್ರೂಗಳ ನಡುವಿನ ಅಂತರ 4-5 ಸೆಂ.ಮೀ. ಮಾತ್ರ. ಅಂದರೆ ಹ್ಯಾಂಡಲ್‌ನಲ್ಲಿ 9 ಕೆ.ಜಿ. ಎಳೆದರೆ ಪಿಲ್ಲರ್‌ನ ತಗಡಿನ ಮೇಲೆ ಬೀಳುವ ಎಳೆತ 150ರಿಂದ 200 ಕೆ.ಜಿ. ಪ್ರತಿ ಸಲ ಬಾಗಿಲು ತೆಗೆದಾಗಲೂ, ಹಾಕಿದಾಗಲೂ. ತಗಡು ಎಷ್ಟು ದಿನ ತಡೆದೀತು?

ಇದನ್ನು ಕಣ್ಣಾರೆ ನೋಡುವ ದಾರಿ ಇದೆ. ಹುಡುಗನಿಗೆ ಬಾಗಿಲು ನಿಧಾನ ಆಡಿಸಲು ಹೇಳಿ, ಕೆಳಗಿನ ಹಿಂಜ್ ಪಕ್ಕ ಪಿಲ್ಲರ್ ಮೇಲೆ ನನ್ನ ಹೆಬ್ಬೆರಳು ಒತ್ತಿ ಹಿಡಿದೆ. ಬಾಗಿಲು ಹೊರಡುವ ಕ್ಷಣದಲ್ಲಿ ತಗಡು ಬೆರಳ ಕೆಳಗೆ ಉಬ್ಬಿತು. ಬಾಗಿಲು ಸರಿಯಿತು, ಉಬ್ಬು ಇಳಿಯಿತು. ಟಾರ್ಚ್ ಅಡ್ಡ ಹಿಡಿದು ನೋಡಿದರೆ ಹಿಂಜ್‌ನ ಕೆಳಮೂಲೆಯಿಂದ ಹೊಸ ಬಣ್ಣದಲ್ಲಿ ಕೂದಲೆಳೆಯಷ್ಟು ಸಣ್ಣ ಬಿರುಕು ಹೊರಟಿತ್ತು. ಅರ್ಧ ಇಂಚೂ ಇಲ್ಲ. ಉಗುರು ಆಡಿಸಿದರೆ ಮಾತ್ರ ಸಿಗುತ್ತದೆ. ಯಜಮಾನರ ಬೆರಳು ಹಿಡಿದು ಅದೇ ಜಾಗ ಮುಟ್ಟಿಸಿದೆ. ಆಮೇಲೆ ಅವರು ಎಣ್ಣೆ ಬಿಟ್ಟರೆ ಸಾಕು ಅನ್ನಲಿಲ್ಲ.

ಇನ್ನೊಂದು ಪರೀಕ್ಷೆ ಉಳಿದಿತ್ತು, ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯವಾದದ್ದು. ಹಿಂಜ್‌ನಲ್ಲಿ ಎರಡು ಪ್ಲೇಟ್, ಒಂದು ಪಿನ್. ಪಿನ್ ಒಂದು ಪ್ಲೇಟಿನಲ್ಲಿ ಬಿಗಿಯಾಗಿ ಕೂತಿರಬೇಕು, ಇನ್ನೊಂದರಲ್ಲಿ ಸಲೀಸಾಗಿ ತಿರುಗಬೇಕು. ತಿರುಗಬೇಕಾದ ಕಡೆ ತುಕ್ಕು ಹಿಡಿದು ಕಚ್ಚಿಕೊಂಡರೆ, ಕೈ ಬಲಕ್ಕೆ ಪಿನ್ ತನ್ನ ಬಿಗಿ ಜಾಗವನ್ನು ಬಿಟ್ಟು ಅಲ್ಲಿ ತಿರುಗಲು ಶುರು ಮಾಡುತ್ತದೆ. ಬಾಗಿಲು ಸಡಿಲವಾಯಿತು ಅಂತ ಖುಷಿಯಾಗುತ್ತದೆ. ನಿಜವಾಗಿ ಆ ತೂತು ಸವೆದು ದೊಡ್ಡದಾಗುತ್ತಿರುತ್ತದೆ. ಇದನ್ನು ಹಿಡಿಯಲು ಪಿನ್ನಿನ ಕೆಳತುದಿಯಿಂದ ಎರಡೂ ಪ್ಲೇಟಿನ ಮೇಲೆ ಹಾಯುವ ಹಾಗೆ ನೇಲ್ ಪಾಲಿಷ್‌ನಲ್ಲಿ ಒಂದು ಗೆರೆ ಎಳೆದೆ. ಒಣಗಿದ ಮೇಲೆ ಬಾಗಿಲು ಆಡಿಸಿದರೆ ಪಿನ್ ಯಾವ ಪ್ಲೇಟಿನ ಜೊತೆ ಹೋಗುತ್ತದೆ ಅಂತ ಗೆರೆಯೇ ಹೇಳುತ್ತದೆ. ಮೂರು ಹಿಂಜ್‌ಗಳಲ್ಲಿ ಪಿನ್ ಹೋಗಬೇಕಾದ ಕಡೆಗೇ ಹೋಯಿತು. ಬಲ ಬಾಗಿಲ ಕೆಳಗಿನ ಹಿಂಜ್‌ನಲ್ಲಿ ಉಲ್ಟಾ. ಅದೇ ಬಿರುಕಿನ ಪಕ್ಕದ್ದು.

ಹೀಗೇಕಾಯಿತು?

ಈ ಕಾರಿನ ಹಿಂಜ್‌ಗಳ ನೆತ್ತಿಯ ಮೇಲೆ ಎಣ್ಣೆ ಹಾಕಲೆಂದೇ ಒಂದು ಸಣ್ಣ ತೂತು, ಅದಕ್ಕೊಂದು ಪುಟ್ಟ ಮುಚ್ಚಳ ಇದೆ. ಮುಚ್ಚಳ ಎತ್ತಿ ಒಂದಿಷ್ಟು ಎಣ್ಣೆ ಹಾಕಿದರೆ ಅದು ಪಿನ್ನಿನ ಸುತ್ತ ಇಳಿಯುತ್ತದೆ. ಬಹಳ ಸರಳ, ಬಹಳ ಒಳ್ಳೆಯ ಏರ್ಪಾಟು. ಪೇಂಟ್ ಮಾಡಿದವರು ಮುಚ್ಚಳಗಳ ಮೇಲೆಯೇ ಪುಟ್ಟಿ ಎಳೆದು, ಪ್ರೈಮರ್ ಹೊಡೆದು, ಬಣ್ಣ ಹೊಡೆದಿದ್ದರು. ನಾಲ್ಕೂ ಮಾಯ. ಬೆರಳಲ್ಲಿ ಸವರಿದರೆ ನುಣ್ಣಗಿತ್ತು. ಅಲ್ಲೊಂದು ತೂತಿದೆ ಅನ್ನುವುದು ಗೊತ್ತಿಲ್ಲದವರಿಗೆ ಕಾಣುವ ಹಾಗೇ ಇರಲಿಲ್ಲ. ಅಷ್ಟು ಹೊತ್ತಿಗೆ ಶೆಡ್ಡಿನಲ್ಲಿದ್ದಾಗ ಒಳಗೆ ಸೇರಿದ್ದ ತೇವ ಒಳಗೇ ಉಳಿಯಿತು. ಮೇಲಿನಿಂದ ಎಣ್ಣೆ ನಿಂತಿತು, ಕೆಳಗಿನ ಸಂದಿನಿಂದ ನೀರು ಏರುವುದು ನಿಲ್ಲಲಿಲ್ಲ.

ತುಕ್ಕು ಅಂದರೆ ಬರೀ ಕೊಳೆಯಲ್ಲ. ಕಬ್ಬಿಣ ತುಕ್ಕಾದರೆ ಮೊದಲಿಗಿಂತ ಎಷ್ಟೋ ಜಾಸ್ತಿ ಜಾಗ ತಗೊಳ್ಳುತ್ತದೆ. ಪಿನ್ನಿಗೂ ತೂತಿಗೂ ನಡುವೆ ಇರುವುದೇ ಕೂದಲೆಳೆಯಷ್ಟು ಜಾಗ. ಅದರಲ್ಲಿ ತುಕ್ಕು ಉಬ್ಬಿದರೆ ಪಿನ್ನನ್ನು ಸುತ್ತಲಿಂದ ಹಿಸುಕಿ ಹಿಡಿಯುತ್ತದೆ. ಹೊರಗೆ ಮೆತ್ತಿದ ಗ್ರೀಸ್ ಅಲ್ಲಿಗೆ ಇಳಿಯುವುದೇ ಇಲ್ಲ, ಅದು ಮಂದ. ಸ್ಪ್ರೇ ಹೊಡೆದವರೂ ಇದ್ದರಂತೆ. ಡಬ್ಲ್ಯೂಡಿ-40 ಎಲ್ಲರ ಮನೆಯಲ್ಲೂ ಇರುತ್ತದೆ, ಒಳ್ಳೆಯದೇ. ಆದರೆ ಅದು ಹುಟ್ಟಿದ್ದೇ ನೀರನ್ನು ಓಡಿಸಲಿಕ್ಕೆ. 1953ರಲ್ಲಿ ಅಮೆರಿಕದ ಸ್ಯಾನ್ ಡಿಯಾಗೋದಲ್ಲಿ ತಯಾರಾದಾಗ ಅಟ್ಲಾಸ್ ಕ್ಷಿಪಣಿಯ ಹೊರಮೈ ತುಕ್ಕು ಹಿಡಿಯದಿರಲಿ ಅಂತ ಬಳಸಿದರು. ಅದರ ಬಹುಪಾಲು ಆವಿಯಾಗಿ ಹೋಗುತ್ತದೆ, ಉಳಿಯುವ ಎಣ್ಣೆ ತೆಳು. ತೇವ ಓಡಿಸಲು, ತೊಳೆಯಲು ಅದು ಬೇಕು. ಹತ್ತಾರು ಕೆ.ಜಿ. ಬಾಗಿಲನ್ನು ಹೊತ್ತು ತಿರುಗುವ ಪಿನ್ನಿಗೆ ಅದೊಂದನ್ನೇ ನಂಬಿ ಬಿಡಬಾರದು.

ಬಾಗಿಲು ಕಳಚಬೇಕಾ?

ಯಜಮಾನರು ಕೇಳಿದ ಮೊದಲ ಪ್ರಶ್ನೆ ಇದು. ಬೇಡ ಅಂದೆ. ಬೀಟಲ್‌ನ ಹಿಂಜ್‌ಗಳು ಪಿಲ್ಲರ್‌ಗೆ ದೊಡ್ಡ ಸ್ಟಾರ್ ಸ್ಕ್ರೂಗಳಿಂದ ಕೂತಿರುತ್ತವೆ. ಅವು ಸಾಮಾನ್ಯ ಸ್ಕ್ರೂಡ್ರೈವರ್‌ಗೆ ಬಗ್ಗುವುದಿಲ್ಲ. ಸರಿಯಾದ ಅಳತೆಯ ದೊಡ್ಡ ಬಿಟ್ ಹಾಕಿ ಇಂಪ್ಯಾಕ್ಟ್ ಡ್ರೈವರ್‌ನಲ್ಲಿ ಸುತ್ತಿಗೆ ಪೆಟ್ಟು ಕೊಟ್ಟು ಬಿಡಿಸಬೇಕು. ತಲೆ ಒಂದು ಸಲ ಸವೆದರೆ ಡ್ರಿಲ್ ಮಾಡದೆ ಬೇರೆ ದಾರಿಯಿಲ್ಲ. ಇನ್ನು ಆ ಸ್ಕ್ರೂಗಳು ಕಚ್ಚುವುದು ಪಿಲ್ಲರ್ ಒಳಗಿನ ಪ್ಲೇಟ್‌ಗಳಿಗೆ. ಬಾಗಿಲು ಹೊಂದಿಸಲು ಅನುಕೂಲವಾಗಲಿ ಅಂತ ಆ ಪ್ಲೇಟ್ ಒಳಗೆ ಆಚೀಚೆ ಸರಿಯುವ ಹಾಗಿರುತ್ತದೆ. ಅಂದರೆ ಸ್ಕ್ರೂ ಸಡಿಲಿಸಿದ ಕ್ಷಣದಿಂದ ಬಾಗಿಲ ಅಳತೆ ಕೆಡುತ್ತದೆ. ಸುತ್ತಲೂ ಇಷ್ಟು ಚೆನ್ನಾಗಿ ಕೂತ ಬಾಗಿಲನ್ನು ಸುಮ್ನೆ ಯಾಕೆ ಕೆಡಿಸಬೇಕು? ಮೂರು ಹಿಂಜ್‌ಗಳನ್ನು ಇದ್ದಲ್ಲೇ ಬಿಡಿಸುವುದು, ನಾಲ್ಕನೆಯದರ ಪಿನ್ ಮಾತ್ರ ಹೊರಗೆ ತೆಗೆಯುವುದು ಅಂತ ಮಾತಾಯಿತು.

ಕೆಲಸ

ಮೊದಲು ಹಿಂಜ್ ಸುತ್ತ ಬಣ್ಣಕ್ಕೆ ಮಾಸ್ಕಿಂಗ್ ಟೇಪ್, ಅದರ ಮೇಲೆ ಪ್ಲಾಸ್ಟಿಕ್. ಕೆಳಗೆ ಹಳೆ ಬಟ್ಟೆ. ಹೊರಗಿನ ಕಪ್ಪು ಗ್ರೀಸನ್ನು ಸೀಮೆಎಣ್ಣೆ ಅದ್ದಿದ ಟೂತ್‌ಬ್ರಷ್‌ನಲ್ಲಿ ತೊಳೆದೆ. ಆಮೇಲೆ ಮುಚ್ಚಳಗಳ ಹುಡುಕಾಟ. ಚೂಪು ಬ್ಲೇಡಿನಲ್ಲಿ ಬಣ್ಣವನ್ನು ಸುತ್ತ ಕೊಯ್ದು, ಸೂಜಿ ಮೊನೆಯಿಂದ ಒಂದೊಂದಾಗಿ ಎತ್ತಿದೆ. ಎರಡು ಮುಚ್ಚಳ ಇಡಿಯಾಗಿ ಬಂದವು, ಎರಡು ಪುಡಿಯಾದವು. ಪುಡಿಯಾದದ್ದಕ್ಕೆ ಬದಲಾಗಿ ಆಮೇಲೆ ರಬ್ಬರ್ ಶೀಟಿನಿಂದ ಸಣ್ಣ ಬಿರಡೆ ಕತ್ತರಿಸಿ ಹಾಕಿದೆ, ಸಾಕು.

ತುಕ್ಕು ಬಿಡಿಸಲು ಎಟಿಎಫ್‌ಗೆ (ಆಟೋಮ್ಯಾಟಿಕ್ ಗೇರ್‌ಬಾಕ್ಸ್‌ಗೆ ಹಾಕುವ ತೆಳು ಎಣ್ಣೆ) ಅಸಿಟೋನ್ ಅರ್ಧಕ್ಕರ್ಧ ಬೆರೆಸುವ ಕ್ರಮ ಗ್ಯಾರೇಜುಗಳಲ್ಲಿ ಇದೆ. ಚೆನ್ನಾಗಿ ಇಳಿಯುತ್ತದೆ, ನಿಜ. ಆದರೆ ಅಸಿಟೋನ್ ಬಣ್ಣವನ್ನು ತಿನ್ನುತ್ತದೆ, ರಬ್ಬರನ್ನು ಕೆಡಿಸುತ್ತದೆ, ಬೆಂಕಿ ಬೇಗ ಹಿಡಿಯುತ್ತದೆ. ಹೊಸ ಪೇಂಟಿನ ಕಾರಿನಲ್ಲಿ, ಹೀಟ್ ಗನ್ ಪಕ್ಕದಲ್ಲಿಟ್ಟುಕೊಂಡು, ಅದನ್ನು ಮುಟ್ಟಬಾರದು. ಅಂಗಡಿಯಲ್ಲಿ ಸಿಗುವ ತುಕ್ಕು ಬಿಡಿಸುವ ಎಣ್ಣೆಯನ್ನೇ ಸಿರಿಂಜ್‌ನಲ್ಲಿ ತುಂಬಿ ಮೇಲಿನ ತೂತಿಗೆ ಹನಿ ಹನಿಯಾಗಿ ಬಿಟ್ಟೆ. ಕೆಳಗಿನ ಸಂದಿಗೂ ಒಂದೆರಡು ಹನಿ. ರಾತ್ರಿಯಿಡೀ ಹಾಗೇ ಬಿಟ್ಟೆ. ಈ ಎಣ್ಣೆಗಳು ಕೆಲಸ ಮಾಡುವುದು ಹೊತ್ತಿನಿಂದ, ಕೈಬಲದಿಂದಲ್ಲ.

ಬೆಳಿಗ್ಗೆ ಬಾಗಿಲನ್ನು ಪೂರ್ತಿ ತೆಗೆಯಲಿಲ್ಲ. ಎಷ್ಟು ಸಲೀಸಾಗಿ ಬರುತ್ತದೋ ಅಷ್ಟರಲ್ಲೇ ಆಚೀಚೆ ಆಡಿಸಬೇಕು, ಆ ಹರವು ತಾನಾಗಿ ಹಿಗ್ಗುತ್ತದೆ. ಬಿಗಿ ಬಂದ ಕಡೆ ನೂಕಿದರೆ ಒಳಗಿನ ತುಕ್ಕಿನ ಪುಡಿ ಪಿನ್ನಿನ ಮೈಯನ್ನು ಗೀರುತ್ತದೆ. ಎಡ ಬಾಗಿಲ ಮೇಲಿನ ಹಿಂಜ್‌ನಿಂದ ಮೊದಲು ಕಾಫಿ ಡಿಕಾಕ್ಷನ್‌ನಂಥ ಕಂದು ನೀರು ಇಳಿಯಿತು. ಒರೆಸಿದೆ, ಮತ್ತೆ ಎಣ್ಣೆ ಬಿಟ್ಟೆ, ಮತ್ತೆ ಆಡಿಸಿದೆ. ಕೆಳಗೆ ಬರುವ ಎಣ್ಣೆ ತಿಳಿಯಾಗುವವರೆಗೂ ಇದೇ ಕೆಲಸ. ಬೇಸರ ಬರಿಸುವ ಕೆಲಸ, ಆದರೆ ಎಲ್ಲ ಇದರಲ್ಲೇ ಇದೆ. ಕಂದು ಬಣ್ಣ ಇರುವಾಗಲೇ ಬಾಗಿಲು ಹಗುರವಾಯಿತು ಅಂತ ಬಿಟ್ಟರೆ ಉಳಿದ ಪುಡಿ ತೇವ ಹಿಡಿದು ಮುಂದಿನ ಮಳೆಗೆ ಮತ್ತೆ ಕಚ್ಚುತ್ತದೆ.

ಬಲ ಬಾಗಿಲ ಮೇಲಿನ ಹಿಂಜ್ ಎಣ್ಣೆಗೆ ಮಾತ್ರ ಬಗ್ಗಲಿಲ್ಲ. ಅದಕ್ಕೆ ಬಿಸಿ ಬೇಕಾಯಿತು. ಉಕ್ಕು ಬಿಸಿಯಾದರೆ ಹಿಗ್ಗುತ್ತದೆ. 8 ಮಿ.ಮೀ. ತೂತು 100 ಡಿಗ್ರಿ ಬಿಸಿ ಏರಿದರೆ ಹಿಗ್ಗುವುದು ಒಂದು ಮಿಲಿಮೀಟರಿನ ನೂರನೇ ಒಂದು ಪಾಲು ಅಷ್ಟೇ. ಅಷ್ಟಾದರೂ ಸಾಕು, ತುಕ್ಕಿನ ಹಿಡಿತ ಬಿರಿಯುತ್ತದೆ, ತಣ್ಣಗಾಗುವಾಗ ಎಣ್ಣೆ ಒಳಗೆ ಎಳೆದುಕೊಳ್ಳುತ್ತದೆ. ಇಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಬೀಟಲ್‌ನ ಎಂಜಿನ್ ಹಿಂದೆ, ಪೆಟ್ರೋಲ್ ಟ್ಯಾಂಕ್ ಮುಂದೆ. ಮುಂದಿನ ಬಾನೆಟ್ ಎತ್ತಿದರೆ ಟ್ಯಾಂಕ್ ಅಲ್ಲೇ ಕೂತಿದೆ, ಈ ಹಿಂಜ್‌ಗಳಿಂದ ದೂರವೇನಿಲ್ಲ. ಗ್ಯಾಸ್ ಟಾರ್ಚ್ ಹಿಡಿಯುವ ಯೋಚನೆಯನ್ನೂ ಮಾಡಬೇಡಿ. ಹೀಟ್ ಗನ್ ಸಾಕು. ಅದಕ್ಕೂ ಮೊದಲು ಎಣ್ಣೆ ಪೂರ್ತಿ ಒರೆಸಿ, ಬ್ಯಾಟರಿ ಬಿಚ್ಚಿ, ಪೆಟ್ರೋಲ್ ವಾಸನೆ ಇಲ್ಲ ಅಂತ ಖಾತ್ರಿ ಮಾಡಿಕೊಂಡು, ಬಣ್ಣದ ಮೇಲೆ ಒದ್ದೆ ಬಟ್ಟೆ ಹಾಸಿದೆ. ಪಕ್ಕದಲ್ಲಿ ಬೆಂಕಿ ಆರಿಸುವ ಸಿಲಿಂಡರ್. ಹಿಂಜ್‌ನ ಕೊಳವೆಗೆ ಮಾತ್ರ ಬಿಸಿ ತಾಗುವ ಹಾಗೆ ಗನ್ ಹಿಡಿದು, ಒದ್ದೆ ಬೆರಳು ತಾಗಿಸಿದರೆ ಚುಂಯ್ ಅನ್ನುವಷ್ಟಾದ ಮೇಲೆ ನಿಲ್ಲಿಸಿದೆ. ಕೈ ತಾಳುವಷ್ಟು ಆರಿದ ಮೇಲೆ ಎಣ್ಣೆ. ಹೀಗೆ ಮಾಡುತ್ತಾ ಹೋದ ಹಾಗೆ ಒಂದು ಹೊತ್ತಿನಲ್ಲಿ ಟಕ್ ಅಂತ ಶಬ್ದ ಬಂತು, ಬಾಗಿಲು ಒಂದು ಅಡಿ ತಾನಾಗಿ ಸರಿಯಿತು. ಹಗ್ಗ ಕಟ್ಟಿದ್ದು ಆಗ ಕೆಲಸಕ್ಕೆ ಬಂತು.

ಇನ್ನು ಕೆಳಗಿನ ಹಿಂಜ್. ಪಿನ್ ತೆಗೆಯಲು ಎಲ್ಲರೂ ಹಿಡಿಯುವುದು ಸುತ್ತಿಗೆ, ಪಂಚ್. ಕಚ್ಚಿಕೊಂಡ ಪಿನ್ನಿಗೆ ಹೊಡೆದರೆ ತಲೆ ಚಪ್ಪಟೆಯಾಗಿ ಇನ್ನಷ್ಟು ಬಿಗಿಯುತ್ತದೆ. ಪೆಟ್ಟಿನ ಬಲವೆಲ್ಲ ಮೊದಲೇ ಬಿರುಕು ಬಿಟ್ಟ ಪಿಲ್ಲರ್‌ಗೆ ಹೋಗುತ್ತದೆ. ಹಾಗಾಗಿ ಸಿ-ಕ್ಲ್ಯಾಂಪ್ ಹಾಕಿದೆ. ಒಂದು ಕಡೆ ಪಿನ್ ಹೊರಬರಲು ಜಾಗ ಇರುವಂಥ ಸಾಕೆಟ್, ಇನ್ನೊಂದು ಕಡೆ ಪಿನ್ನಿಗಿಂತ ಸ್ವಲ್ಪ ಸಣ್ಣದಾದ ಗಟ್ಟಿ ಬೋಲ್ಟ್ ತುಂಡು. ಕ್ಲ್ಯಾಂಪ್ ಬಿಗಿ ಮಾಡಿದರೆ ಒತ್ತುವ ಬಲವೂ ತಡೆಯುವ ಬಲವೂ ಹಿಂಜ್ ಒಳಗೇ ಮುಗಿಯುತ್ತದೆ, ಪಿಲ್ಲರ್‌ಗೆ ಏನೂ ಹೋಗುವುದಿಲ್ಲ. ಬಾಗಿಲ ಕೆಳಗೆ ಜಾಕ್, ಜಾಕ್ ಮೇಲೆ ಮರದ ಹಲಗೆ, ಹಲಗೆ ಮೇಲೆ ಹಳೇ ಕಂಬಳಿ. ಬಾಗಿಲ ಭಾರ ಪೂರ್ತಿ ಜಾಕ್ ಮೇಲೆ ಕೂತ ಮೇಲೆಯೇ ಒತ್ತಲು ಶುರು ಮಾಡಿದ್ದು. ಬಿಸಿ, ಎಣ್ಣೆ, ಕಾಲು ಸುತ್ತು, ಮತ್ತೆ ಬಿಸಿ. ಬಂತು.

ಹೊರಬಂದ ಪಿನ್ ನೋಡಿದರೆ ಕಥೆ ಅದರ ಮೈ ಮೇಲೇ ಇತ್ತು. ತಿರುಗಬೇಕಾದ ಭಾಗ ಕಪ್ಪಾಗಿ ಗುಳಿ ಬಿದ್ದಿತ್ತು. ಬಿಗಿಯಾಗಿ ಕೂರಬೇಕಾದ ತುದಿ ಬೆಳ್ಳಿಯಂತೆ ಹೊಳೆಯುತ್ತಿತ್ತು, ಅಷ್ಟು ತಿರುಗಿ ಉಜ್ಜಿಹೋಗಿತ್ತು. ವರ್ನಿಯರ್ ಹಿಡಿದರೆ ಆ ತುದಿಯಲ್ಲಿ ಕಾಲು ಮಿಲಿಮೀಟರ್ ಹತ್ತಿರ ಸವೆತ. ಅದು ಕೂರುವ ತೂತೂ ಮೊಟ್ಟೆಯಾಕಾರಕ್ಕೆ ತಿರುಗಿತ್ತು. ಹೊಸ ಪಿನ್ ತರಿಸಿದರೂ ಆ ತೂತಿನಲ್ಲಿ ನಿಲ್ಲುವುದಿಲ್ಲ. ಸವೆದ ತೂತಿಗೆ ಅಂತಲೇ ದಪ್ಪ ಪಿನ್‌ಗಳು ಹೊರದೇಶದಲ್ಲಿ ಸಿಗುತ್ತವೆ. ಆದರೆ ತೂತು ಎಷ್ಟು ದೊಡ್ಡದಾಗುತ್ತದೆ ಅನ್ನುವುದು ರೀಮರ್ (ತೂತನ್ನು ಕೆರೆದು ಅಳತೆಗೆ ತರುವ ಸಾಧನ) ಆಡಿಸಿ ದುಂಡಗೆ ಮಾಡಿದ ಮೇಲೆಯೇ ಗೊತ್ತಾಗುವುದು. ಅಳತೆಗೆ ತಕ್ಕ ಹಾಗೆ ಇಲ್ಲೇ ಮಾಡಿಸುವುದು ಒಳ್ಳೆಯದು ಅನ್ನಿಸಿತು.

ಕೈ ರೀಮರ್‌ನಲ್ಲಿ ತೂತು ದುಂಡಗೆ ಬರುವಷ್ಟು ಮಾತ್ರ ತೆಗೆದೆ. ಹಾಸನದ ಲೇತ್‌ನವರಿಗೆ ಹಳೆ ಪಿನ್, ಎರಡೂ ತೂತಿನ ಅಳತೆ ಕೊಟ್ಟೆ. "ಅಣ್ಣಾ, ಕೂರೋ ತುದಿ ತಟ್ಟಿ ಇಳಿಸೋ ಹಾಗಿರಲಿ. ತಿರುಗೋ ಕಡೆ ಎಣ್ಣೆ ನಿಲ್ಲೋಕೆ ಜಾಗ ಬಿಡಿ" ಅಂದೆ. ಅವರು ಇಎನ್-8 ಉಕ್ಕಿನ ಸರಳಿನಲ್ಲಿ ಒಂದೇ ಪಿನ್ನಿಗೆ ಎರಡು ಅಳತೆ ಕೊಟ್ಟರು. ದಪ್ಪ ತುದಿ ಕೊನೆಗೆ ಒಳಹೋಗುವ ಹಾಗೆ. ತಿರುಗುವ ಭಾಗಕ್ಕೂ ತೂತಿಗೂ ನಡುವೆ 0.03ರಿಂದ 0.05 ಮಿ.ಮೀ. ಬಿಟ್ಟರು. ಎಣ್ಣೆ ಮೇಲಿನಿಂದ ಕೆಳಗಿನವರೆಗೆ ಹರಿಯಲು ಪಿನ್ನಿನ ಉದ್ದಕ್ಕೆ ತೆಳುವಾದ ಒಂದು ಕಾಲುವೆ ಕೊರೆದದ್ದು ಅವರ ಸ್ವಂತ ಯೋಚನೆ. ನಾನು ಕೇಳಿರಲಿಲ್ಲ. ಈ ಇಡೀ ಕೆಲಸದಲ್ಲಿ ನನಗೆ ತುಂಬಾ ಇಷ್ಟವಾದದ್ದು ಅದೇ. ತೂತಿನೊಳಗೆ ಹಿತ್ತಾಳೆ ಬುಷ್ (ಸಣ್ಣ ಕೊಳವೆ) ಹಾಕೋಣವಾ ಅಂತಲೂ ಮಾತು ಬಂತು. ಹಿಂಜ್‌ನ ಕೊಳವೆಯಲ್ಲಿ ಅಷ್ಟು ದಪ್ಪ ಇಲ್ಲ, ಬುಷ್‌ಗೆ ಅಂತ ಕೊರೆದರೆ ಗೋಡೆ ತೆಳುವಾಗುತ್ತದೆ. ಬೇಡ ಅಂದೆವು.

ಜೋಡಿಸಿದ ಮೇಲೆ

ನಾಲ್ಕೂ ಹಿಂಜ್‌ಗಳನ್ನು ತೆಳು ಸ್ಪ್ರೇಯಿಂದ ಒಮ್ಮೆ ತೊಳೆದು, ಒಣಗಲು ಬಿಟ್ಟು, 20ಡಬ್ಲ್ಯೂ-50 ಎಂಜಿನ್ ಆಯಿಲ್ ಹಾಕಿದೆ. ಗ್ರೀಸ್ ಅಲ್ಲ. ಮೇಲಿನ ತೂತಿನಿಂದ ಇಳಿಯಬೇಕಾದರೆ ಎಣ್ಣೆಯೇ ಆಗಬೇಕು. ಗ್ರೀಸ್ ಹಚ್ಚಿದ್ದು ಚೆಕ್ ಸ್ಟ್ರಾಪ್‌ಗೆ ಮಾತ್ರ.

ಬಲ ಬಾಗಿಲು ಮುಚ್ಚಿದಾಗ ಬೀಗ ತಾನು ಕಚ್ಚಿಕೊಳ್ಳಬೇಕಾದ, ಹಿಂದಿನ ಪಿಲ್ಲರ್‌ನ ಸ್ಟ್ರೈಕರ್ ಪ್ಲೇಟಿಗೆ ಸ್ವಲ್ಪ ಮೇಲೆ ತಾಗುತ್ತಿತ್ತು. ಕಾರಣ ಸರಳ. ಪಿನ್ ಸವೆದು ಬಾಗಿಲು ಜೋತುಬಿದ್ದಿದ್ದಾಗ ಯಾರೋ ಸ್ಟ್ರೈಕರನ್ನು ಅದಕ್ಕೆ ತಕ್ಕ ಹಾಗೆ ಹೊಂದಿಸಿದ್ದರು. ಈಗ ಬಾಗಿಲು ತನ್ನ ಜಾಗಕ್ಕೆ ಬಂದಿದೆ, ಸ್ಟ್ರೈಕರ್ ಹಳೆ ಜಾಗದಲ್ಲಿದೆ. ಅದರ ಸ್ಕ್ರೂ ಸಡಿಲಿಸಿ ಮೇಲೆ ಸರಿಸಿದೆ. ಇದರ ಉಲ್ಟಾ ಕೆಲಸವನ್ನು, ಅಂದರೆ ಜೋತುಬಿದ್ದ ಬಾಗಿಲನ್ನು ಸ್ಟ್ರೈಕರ್‌ನಿಂದ ಎತ್ತಿ ಹಿಡಿಸುವುದನ್ನು, ತುಂಬಾ ಕಡೆ ನೋಡುತ್ತೇನೆ. ಮುಚ್ಚಿದಾಗ ಚೆನ್ನಾಗಿ ಕಾಣುತ್ತದೆ. ಹಾಕುವ ಪ್ರತಿ ಸಲ ಬೀಗ, ಹಿಂಜ್ ಎರಡೂ ಪೆಟ್ಟು ತಿನ್ನುತ್ತವೆ. ಅದು ರಿಪೇರಿ ಅಲ್ಲ.

ಮತ್ತೆ ತಕ್ಕಡಿ ಸಿಕ್ಕಿಸಿದೆ. ಚೆಕ್ ಸ್ಟ್ರಾಪ್ ಹಾಕಿಯೂ ಎರಡೂ ಬಾಗಿಲು ಒಂದೂವರೆ ಕೆ.ಜಿ. ಆಸುಪಾಸಿನಲ್ಲಿ ಹೊರಟವು. ಹೆಬ್ಬೆರಳು ಒತ್ತಿದರೆ ಪಿಲ್ಲರ್ ತಗಡು ಅಲುಗಲಿಲ್ಲ. ಖರ್ಚಿನಲ್ಲಿ ಲೇತ್, ಎಣ್ಣೆ ಎಲ್ಲ ಸೇರಿ ಸಣ್ಣ ಮೊತ್ತ. ಹೆಚ್ಚಿಗೆ ಹೋದದ್ದು ಕಾಯುವುದಕ್ಕೆ.

ಕಾರು ತೋಟಕ್ಕೆ ಬಿಟ್ಟಾಗ ಅಮ್ಮ ಒಂದೇ ಕೈಯಲ್ಲಿ ಬಾಗಿಲು ತೆಗೆದು ಕೂತರು, ಇಳಿದರು, ಮತ್ತೆ ಕೂತರು. "ಈಗ ಸರಿ ಕಣಪ್ಪ" ಅಂದರು. ಎಣ್ಣೆ ಹಾಕುವ ತೂತು ಯಜಮಾನರಿಗೆ ತೋರಿಸಿದೆ. ಮಳೆಗಾಲಕ್ಕೆ ಮುಂಚೆ ಒಂದು ಸಲ, ಮಳೆ ಮುಗಿದ ಮೇಲೆ ಒಂದು ಸಲ, ಮುಚ್ಚಳ ಎತ್ತಿ ನಾಲ್ಕೈದು ಹನಿ ಬಿಟ್ಟು, ಬಾಗಿಲು ಆಡಿಸಿ, ಕೆಳಗೆ ಇಳಿದದ್ದನ್ನು ಒರೆಸಬೇಕು. ಒರೆಸುವ ಬಟ್ಟೆಯಲ್ಲಿ ಕಂದು ಬಣ್ಣ ಕಂಡರೆ ನೀರು ಸೇರುತ್ತಿದೆ ಅಂತ ಅರ್ಥ. ಆಗ ತಿಳಿ ಎಣ್ಣೆ ಬರುವವರೆಗೂ ಬಿಡಬೇಕು. ಶೆಡ್ಡಿನ ಗಾಳಿ ಬೀಸುವ ಪಕ್ಕಕ್ಕೆ ಶೀಟು ಹೊಡೆಸಿ ಅಂತಲೂ ಹೇಳಿದ್ದೇನೆ. ಸೆಪ್ಟೆಂಬರ್ ಕಳೆದ ಮೇಲೆ ಹೋಗಿ ನೋಡಿದಾಗ ಬಟ್ಟೆಯಲ್ಲಿ ಬಂದದ್ದು ಎಣ್ಣೆಯ ಬಣ್ಣವೇ.

ಉಳಿದಿರುವುದು ಪಿಲ್ಲರ್‌ನ ಬಿರುಕು. ಅದು ಮುಂದಕ್ಕೆ ಓಡದಿರಲಿ ಅಂತ ತುದಿಯಲ್ಲಿ ಸಣ್ಣ ತೂತು ಕೊರೆದು, ಪ್ರೈಮರ್ ಹಚ್ಚಿ, ಪಕ್ಕದಲ್ಲಿ ಪೆನ್ಸಿಲ್ ಗುರುತು ಹಾಕಿದ್ದೇನೆ. ಇಲ್ಲಿಯವರೆಗೆ ಗುರುತು ದಾಟಿಲ್ಲ. ಅದನ್ನು ವೆಲ್ಡ್ ಮಾಡಲೇಬೇಕು. ಅದಕ್ಕೆ ಮೊದಲು ಪೆಟ್ರೋಲ್ ಟ್ಯಾಂಕ್ ಹೊರಗೆ ತೆಗೆಯಬೇಕು, ಒಳಗಿನ ರಬ್ಬರ್, ಪ್ಯಾಡ್ ಬಿಚ್ಚಬೇಕು. ಆಗ ಬಲ ಬಾಗಿಲು ಹೇಗೂ ಕಳಚಲೇಬೇಕಾಗುತ್ತದೆ. ರೊಬಸ್ಟಾ ಕೊಯ್ಲು ಮುಗಿದು ಯಜಮಾನರಿಗೆ ಪುರುಸೊತ್ತಾಗುವ ಮಾರ್ಚ್ ತಿಂಗಳಿಗೆ ಆ ಕೆಲಸ ಇಟ್ಟುಕೊಂಡಿದ್ದೇವೆ.